ಓದಿದ್ದು ತಲೇಲಿ ನಿಲ್ಲಲ್ವಾ? ಕಣ್ಣಿಗೂ ಹಣೆಯ ಹಿಂದಿನ ಮೆದುಳಿಗೂ ಜೊತೆ ಕೂಡಿಸುವ ದಾರಿ

ನಾನು ಕೋಲಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಂಜೆ ಹೊತ್ತು ವಿಜ್ಞಾನ ಹೇಳಿಕೊಡುತ್ತೇನೆ. ಪಾಠಕ್ಕೆ ಸೇರಿಸಲು ಬರುವ ಅಮ್ಮಂದಿರು ಹೆಚ್ಚಾಗಿ ಹೇಳುವ ಮಾತು ಒಂದೇ: "ಮೇಡಂ, ಇವನ ತಲೇಲಿ ಏನೂ ನಿಲ್ಲಲ್ಲ. ರಾತ್ರಿ ಓದಿದ್ದು ಬೆಳಿಗ್ಗೆಗೆ ಇರಲ್ಲ."

ಹಾಗೆ ಬಂದ ಒಬ್ಬ ಹುಡುಗನನ್ನು ಒಂದು ಭಾನುವಾರ ಅವರ ಹೊಲದಲ್ಲಿ ನೋಡಿದೆ. ಟೊಮ್ಯಾಟೊ ಕಿತ್ತು ರಾಶಿ ಹಾಕಿದ್ದರು. ಅಪ್ಪನ ಜೊತೆ ಕೂತು ಹುಡುಗ ಆರಿಸುತ್ತಿದ್ದ. ದೂರದ ಊರಿಗೆ ಹೋಗುವ ಲೋಡಿಗೆ ದೋರೆಗಾಯಿ, ಹತ್ತಿರದ ಮಾರುಕಟ್ಟೆಗೆ ಹಣ್ಣು, ಒಡೆದದ್ದು ಬೇರೆ. ಮೂರು ಬಾಕ್ಸ್, ಮೂರು ನಿಯಮ. ಕೈ ಒಂದು ಸಲವೂ ತಪ್ಪಲಿಲ್ಲ. ಮಧ್ಯದಲ್ಲಿ ಅಪ್ಪ, "ಇವತ್ತು ದೂರದ ಲೋಡ್ ಇಲ್ವಂತೆ, ಎಲ್ಲ ಹಣ್ಣೇ ಹಾಕು" ಅಂದರು. ಅವನ ಕೈ ಒಂದು ಕ್ಷಣ ನಿಂತಿತು. ದೋರೆಗಾಯಿ ಬಾಕ್ಸಿನ ಕಡೆ ಹೋಗಿದ್ದ ಕೈ ಹಿಂದಕ್ಕೆ ಬಂತು. ಆಮೇಲೆ ಹೊಸ ನಿಯಮದಲ್ಲೇ ಕೆಲಸ ಸಾಗಿತು.

ಆ ಒಂದು ಕ್ಷಣದಲ್ಲಿ ಅವನ ಮೆದುಳು ಮಾಡಿದ ಕೆಲಸ ಚಿಕ್ಕದಲ್ಲ. ಅದನ್ನು ನೋಡಿದ ಮೇಲೆ ನಾನು ಯಾವ ಮಗುವಿಗೂ "ನಿನಗೆ ನೆನಪಿನ ಶಕ್ತಿ ಇಲ್ಲ" ಅಂದಿಲ್ಲ. ಶಕ್ತಿ ಇರುತ್ತದೆ. ನಾವು ಹೊರೆ ಹೊರಿಸುವ ರೀತಿ ಸರಿಯಿರುವುದಿಲ್ಲ, ಅಷ್ಟೇ. ಮನೆಯಲ್ಲೇ ಅದನ್ನು ಸರಿ ಮಾಡೋದು ಹೇಗೆ ಅಂತ ಹಂತ ಹಂತವಾಗಿ ಬರೆಯುತ್ತೇನೆ. ಮೊದಲು ತಲೆಯೊಳಗೆ ಏನಾಗುತ್ತದೆ ಅಂತ ಸ್ವಲ್ಪ ತಿಳಿಯಬೇಕು. ಅದು ಗೊತ್ತಿಲ್ಲದೆ ಮುಂದಿನದು ಬರೀ ಟಿಪ್ಸ್ ಆಗಿಬಿಡುತ್ತದೆ.

ಒಂದು ಟೊಮ್ಯಾಟೊ, ಎರಡು ದಾರಿ

ಬೆಳಕು ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾದ ಮೇಲೆ ಬೀಳುತ್ತದೆ. ಅಲ್ಲಿಂದ ದೃಷ್ಟಿ ನರ ಹೊರಡುತ್ತದೆ. ಒಂದೊಂದು ಕಣ್ಣಿನ ನರದಲ್ಲೂ ಸುಮಾರು 10 ಲಕ್ಷ ಎಳೆಗಳಿವೆ. ಎರಡೂ ನರಗಳು ಮೆದುಳಿನ ಅಡಿಯಲ್ಲಿ ಒಂದು ಕಡೆ ಸೇರುತ್ತವೆ. ಮೂಗಿನ ಕಡೆಯ ಅರ್ಧ ಎಳೆಗಳು ಅಲ್ಲಿ ಆಚೆ ಬದಿಗೆ ದಾಟುತ್ತವೆ. ಹಾಗಾಗಿ ನಮ್ಮ ಎಡಕ್ಕೆ ಕಾಣುವುದೆಲ್ಲ ಮೆದುಳಿನ ಬಲಭಾಗಕ್ಕೆ ಹೋಗುತ್ತದೆ, ಬಲಕ್ಕೆ ಕಾಣುವುದು ಎಡಭಾಗಕ್ಕೆ. ಮುಂದೆ ಥಲಾಮಸ್ ಅನ್ನುವ ಜಂಕ್ಷನ್. ಅದನ್ನು ದಾಟಿ ಸಂಕೇತ ತಲೆಯ ಹಿಂಭಾಗದ ದೃಷ್ಟಿ ಕಾರ್ಟೆಕ್ಸ್, ಅಂದರೆ ಮೆದುಳಿನ ಹೊರಪದರದಲ್ಲಿ ನೋಟಕ್ಕೆ ಮೀಸಲಾದ ಭಾಗವನ್ನು ಮುಟ್ಟುತ್ತದೆ. ಕಣ್ಣು ಮುಂದಿದೆ, ನೋಡುವ ಕೆಲಸ ಶುರುವಾಗೋದು ಹಿಂದಲೆಯಲ್ಲಿ!

ಅಲ್ಲಿಂದ ದಾರಿ ಎರಡಾಗುತ್ತದೆ. ಒಂದು ಕೆಳಗೆ, ಕಿವಿಯ ಪಕ್ಕದ ಭಾಗಕ್ಕೆ ಹೋಗುತ್ತದೆ. ಇದು "ಯಾವುದು" ಅಂತ ಹೇಳುವ ದಾರಿ. ಇದು ಹಣ್ಣು, ಇದು ದೋರೆಗಾಯಿ, ಇದು ಅಕ್ಕನ ಮುಖ, ಇದು "ಳ" ಅಕ್ಷರ. ಇನ್ನೊಂದು ಮೇಲೆ, ನೆತ್ತಿಯ ಕಡೆಗೆ ಹೋಗುತ್ತದೆ. ಇದು "ಎಲ್ಲಿ" ಅಂತ ಹೇಳುವ, ಕೈಯನ್ನು ಅಲ್ಲಿಗೆ ನಡೆಸುವ ದಾರಿ. ಉಂಗರ್ಲೈಡರ್ ಮತ್ತು ಮಿಶ್ಕಿನ್ ಎಂಬ ವಿಜ್ಞಾನಿಗಳು ಈ ಎರಡು ದಾರಿಯ ವಿಚಾರವನ್ನು 1982ರಲ್ಲಿ ಮುಂದಿಟ್ಟರು. ಆಮೇಲೆ 1992ರಲ್ಲಿ ಗುಡೇಲ್ ಮತ್ತು ಮಿಲ್ನರ್ ಇದಕ್ಕೆ ಇನ್ನೊಂದು ತಿರುವು ಕೊಟ್ಟರು. ಅವರು ಪರೀಕ್ಷಿಸಿದ ಮಹಿಳೆಯೊಬ್ಬರಿಗೆ ವಿಷಾನಿಲದಿಂದ ಮೆದುಳಿಗೆ ಏಟಾಗಿತ್ತು. ಟಪಾಲು ಡಬ್ಬಿಯಂಥ ಒಂದು ಸೀಳು ಅಡ್ಡ ಇದೆಯೋ ಉದ್ದ ಇದೆಯೋ ಅಂತ ಹೇಳಲು ಅವರಿಗೆ ಆಗುತ್ತಿರಲಿಲ್ಲ. ಆದರೆ ಕಾರ್ಡ್ ಕೈಗೆ ಕೊಟ್ಟರೆ ಸರಿಯಾಗಿ ತಿರುಗಿಸಿ ಒಳಗೆ ಹಾಕುತ್ತಿದ್ದರು. ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ.

ಎರಡೂ ದಾರಿಯ ಸುದ್ದಿ ಕೊನೆಗೆ ಹಣೆಯ ಹಿಂದೆ ಬಂದು ಸೇರುತ್ತದೆ. ಅದೇ ಪ್ರಿಫ್ರಂಟಲ್ ಕಾರ್ಟೆಕ್ಸ್. ಮಕ್ಕಳಿಗೆ ಸುಲಭವಾಗಲಿ ಅಂತ ನಾನು ಹಣೆಮೆದುಳು ಅನ್ನುತ್ತೇನೆ. ಪಠ್ಯಪುಸ್ತಕದ ಮುಮ್ಮೆದುಳು ದೊಡ್ಡದು, ಇದು ಅದರ ಒಂದು ಭಾಗ. "ಇವತ್ತಿನ ನಿಯಮ ಏನು" ಅನ್ನೋದನ್ನು ಹಿಡಿದಿಟ್ಟುಕೊಳ್ಳುವುದು ಇದರ ಕೆಲಸ. ಕೋತಿಗಳ ಮುಂದೆ ತಿಂಡಿ ಬಚ್ಚಿಟ್ಟು, ಪರದೆ ಎಳೆದು, ಸ್ವಲ್ಪ ಹೊತ್ತು ಕಾಯಿಸಿ ಆಮೇಲೆ ಹುಡುಕಲು ಬಿಟ್ಟ ಪ್ರಯೋಗಗಳು 1971ರಲ್ಲಿ ನಡೆದವು. ಪರದೆ ಮುಚ್ಚಿದ್ದಾಗ, ಕಣ್ಣಿಗೆ ಏನೂ ಕಾಣದಿದ್ದಾಗಲೂ ಹಣೆಮೆದುಳಿನ ಕೆಲವು ಜೀವಕೋಶಗಳು ಕೆಲಸ ನಿಲ್ಲಿಸಲಿಲ್ಲ. ಕಂಡದ್ದು ಮರೆಯಾದ ಮೇಲೂ ಅದನ್ನು ಕೈಬಿಡದೆ ಹಿಡಿದಿದ್ದವು.

ಈ ಹಿಡಿತ ಸ್ವಲ್ಪ ಹೊತ್ತಿನದು. ಕಾಯಂ ನೆನಪಾಗಬೇಕಾದರೆ ಮೆದುಳಿನ ಒಳಭಾಗದ ಹಿಪೊಕ್ಯಾಂಪಸ್ ಬೇಕು. ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ ಫಿಟ್ಸ್ ಕಾಯಿಲೆ ಇತ್ತು. ಅದಕ್ಕಾಗಿ 1953ರಲ್ಲಿ ಮಾಡಿದ ಆಪರೇಷನ್‌ನಲ್ಲಿ ಎರಡೂ ಕಡೆಯ ಆ ಭಾಗವನ್ನು ತೆಗೆದರು. ಆಮೇಲೆ ಅವರಿಗೆ ಒಂದು ಸಂಖ್ಯೆ ಹೇಳಿದರೆ ಗಮನ ಕದಲುವ ತನಕ ಹಿಡಿದಿಟ್ಟುಕೊಳ್ಳುತ್ತಿದ್ದರು. ಗಮನ ಬೇರೆ ಕಡೆ ಹೋದರೆ ಆ ಸಂಖ್ಯೆ ಅಳಿಸಿಹೋಗುತ್ತಿತ್ತು. ಪರೀಕ್ಷೆ ಹಾಲ್ ಬಾಗಿಲ ತನಕ ಪುಸ್ತಕ ತಿರುವುವ ಮಕ್ಕಳನ್ನು ಕಂಡರೆ ನನಗೆ ಈ ಕಥೆ ನೆನಪಾಗುತ್ತದೆ. ಅವರ ಓದು ಹಣೆಯಲ್ಲಿರುತ್ತದೆ, ಇನ್ನೂ ಒಳಗೆ ಇಳಿದಿರುವುದಿಲ್ಲ.

ಹೆಜ್ಜೆ 1: ಮೊದಲು ಕಣ್ಣು ತೋರಿಸಿ

ಇದನ್ನು ಮೊದಲು ಬರೆಯಲು ಕಾರಣ ನನ್ನ ಅಕ್ಕನ ಮಗಳು. ನಾಲ್ಕನೇ ಕ್ಲಾಸಿನಲ್ಲಿ ಅವಳನ್ನು ಶಾಲೆಯವರು ಹಿಂದಿನ ಬೆಂಚಿಗೆ ಹಾಕಿದ್ದರು. ಬೋರ್ಡ್ ನೋಡಿ ಬರೆಯುವುದರಲ್ಲಿ ತಪ್ಪು, ಪಕ್ಕದವಳ ಪುಸ್ತಕ ಇಣುಕಿ ನೋಡುತ್ತಾಳೆ, ಗಮನ ಇಲ್ಲ ಅಂತ ದೂರು. ನಾವೂ ಮನೆಯಲ್ಲಿ ಬೈದೆವು. ಅವಳಿಗೆ ಬೋರ್ಡ್ ಮಸುಕಾಗಿ ಕಾಣುತ್ತಿತ್ತು. ಮಸುಕಾಗಿ ಕಾಣೋದು ಅಂದರೆ ಏನು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿದ್ದಳು. ಕನ್ನಡಕ ಹಾಕಿದ ದಿನ ಹೊರಗೆ ಬಂದು ಮರ ನೋಡಿ, "ಚಿಕ್ಕಮ್ಮ, ಎಲೆ ಒಂದೊಂದೂ ಬೇರೆ ಬೇರೆ ಕಾಣ್ತಿದೆ" ಅಂದಳು. ಒಂದು ವರ್ಷ ಆ ಮಗುವಿಗೆ ನಾವು ಅನ್ಯಾಯ ಮಾಡಿದ್ದೆವು.

ಮನೆಯಲ್ಲಿ ಹೀಗೆ ನೋಡಿ. ಗೋಡೆ ಕ್ಯಾಲೆಂಡರ್‌ನಿಂದ ಹತ್ತಡಿ ದೂರ ನಿಲ್ಲಿಸಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಇನ್ನೊಂದರಲ್ಲಿ ತಾರೀಖು ಓದಿಸಿ. ಆಮೇಲೆ ಕಣ್ಣು ಬದಲಿಸಿ. ಎರಡು ಕಣ್ಣಿಗೆ ವ್ಯತ್ಯಾಸ ಕಂಡರೆ, ಕಣ್ಣು ಕಿರಿದು ಮಾಡಿ ನೋಡಿದರೆ, ತಲೆ ಓರೆ ಮಾಡಿದರೆ ತಡ ಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕ್ಯಾಲೆಂಡರ್ ಸರಿಯಾಗಿ ಓದಿದರೂ ವರ್ಷಕ್ಕೊಮ್ಮೆ ತೋರಿಸಿ. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲೇ ತೋರಿಸಬಹುದು. ಶಾಲೆಗೆ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ಕಾರ್ಯಕ್ರಮ) ತಂಡ ತಪಾಸಣೆಗೆ ಬರುವ ದಿನ ಮಗುವಿಗೆ ರಜೆ ಹಾಕಿಸಬೇಡಿ.

ಒಂದು ಕಣ್ಣು ಮಾತ್ರ ಮಂಕಾಗಿದ್ದರೆ ಇನ್ನೂ ಎಚ್ಚರ ಬೇಕು. ಚಿಕ್ಕ ವಯಸ್ಸಿನಲ್ಲಿ ಒಂದು ಕಣ್ಣಿನಿಂದ ಸ್ಪಷ್ಟ ಚಿತ್ರ ಬರದಿದ್ದರೆ ಮೆದುಳು ಆ ಕಣ್ಣಿನ ಮಾತು ಕೇಳುವುದನ್ನೇ ಬಿಟ್ಟುಬಿಡುತ್ತದೆ. ಇದಕ್ಕೆ ಸೋಮಾರಿ ಕಣ್ಣು ಅಂತಾರೆ. ಆಮೇಲೆ ಕನ್ನಡಕ ಹಾಕಿದರೂ ಆ ಕಣ್ಣಿನ ನೋಟ ಪೂರ್ತಿ ತಿಳಿಯಾಗದೇ ಇರಬಹುದು. ತೊಂದರೆ ಇರೋದು ದಾರಿಯಲ್ಲಿ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳಲ್ಲಿ ಇದನ್ನು ತೋರಿಸಿಕೊಟ್ಟರು. ದೃಷ್ಟಿಯ ಬಗೆಗಿನ ಅವರ ಕೆಲಸಕ್ಕೆ 1981ರಲ್ಲಿ ನೊಬೆಲ್ ಬಂತು. ಏಳೆಂಟು ವರ್ಷದೊಳಗೆ ಪತ್ತೆಯಾದರೆ ಚೆನ್ನಾಗಿರುವ ಕಣ್ಣಿಗೆ ಪ್ಯಾಚ್ ಹಾಕಿ, ಮಂಕಾದ ಕಣ್ಣಿಗೆ ಕೆಲಸ ಕೊಟ್ಟು ಸರಿಪಡಿಸುವುದು ಸುಲಭ. ತಡವಾದಷ್ಟೂ ಕಷ್ಟ.

ಹೆಜ್ಜೆ 2: ಕಣ್ಣೆದುರು ಇರೋದನ್ನು ಕಡಿಮೆ ಮಾಡಿ

ಕೈ ಉದ್ದಕ್ಕೆ ಚಾಚಿ ಹೆಬ್ಬೆರಳ ಉಗುರು ನೋಡಿ. ಒಂದು ಸಲಕ್ಕೆ ನಿಮಗೆ ತುಂಬ ಸ್ಪಷ್ಟವಾಗಿ ಕಾಣೋದು ಸುಮಾರು ಅಷ್ಟಗಲ ಮಾತ್ರ. ಉಳಿದದ್ದು ಮಸುಕು. ಕಣ್ಣು ಸೆಕೆಂಡಿಗೆ ಮೂರು ಸಲದಂತೆ ಜಿಗಿದು ಜಿಗಿದು ಜಗತ್ತನ್ನು ಜೋಡಿಸಿಕೊಳ್ಳುತ್ತದೆ. ಮುಂದೆ ಎಲ್ಲಿಗೆ ಜಿಗಿಯಬೇಕು ಅನ್ನೋದರಲ್ಲಿ ಹಣೆಮೆದುಳಿನ ಪಾತ್ರ ದೊಡ್ಡದು. ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಮುಳಬಾಗಿಲು ಬೋರ್ಡ್ ಹುಡುಕುತ್ತಾ ನಿಂತಾಗ ಪಕ್ಕದಲ್ಲೇ ಹೋದ ನೆಂಟರು ಕಾಣಲ್ಲ. ಆಮೇಲೆ ಅವರು "ಮಾತಾಡಿಸಲೇ ಇಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಬೇಕಾದ್ದರ ಕಡೆ ಕಣ್ಣಿನ ದಾರಿಯನ್ನು ಚುರುಕು ಮಾಡಿ, ಬೇಡದ್ದನ್ನು ಹಣೆಮೆದುಳು ತಗ್ಗಿಸಿರುತ್ತದೆ.

ಈ ಕೆಲಸಕ್ಕೆ ಶ್ರಮ ಬೇಕು. ಮೇಜಿನ ಮೇಲೆ ಮೊಬೈಲ್, ಎದುರಿಗೆ ಟಿವಿ, ಪಕ್ಕದಲ್ಲಿ ಬೇರೆ ಮೂರು ಪುಸ್ತಕ ಇದ್ದರೆ ತಗ್ಗಿಸುವುದರಲ್ಲೇ ಶ್ರಮವೆಲ್ಲ ಮುಗಿಯುತ್ತದೆ. ಮಗುವಿನ ಮುಖ ಗೋಡೆ ಕಡೆ ಇರಲಿ. ಒಂದು ಪುಸ್ತಕ, ಒಂದು ನೋಟ್ಸ್, ಒಂದು ಪೆನ್ ಸಾಕು. ಫೋನ್ ಬೇರೆ ಕೋಣೆಯಲ್ಲಿರಲಿ. ಅರ್ಧ ಗಂಟೆ ದೊಡ್ಡವರೂ ಟಿವಿ ಹಾಕಬೇಡಿ.

ಹೆಜ್ಜೆ 3: ಒಂದು ಸಲಕ್ಕೆ ನಾಲ್ಕೇ ವಿಷಯ

ಹಣೆಮೆದುಳಿನ ತಟ್ಟೆ ಚಿಕ್ಕದು. ಮನಃಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಅದರಲ್ಲಿ ಏಳರ ಆಸುಪಾಸು ಹಿಡಿಯುತ್ತದೆ ಅಂತ ಬರೆದರು. 2001ರಲ್ಲಿ ನೆಲ್ಸನ್ ಕೋವನ್, ಗುಂಪು ಮಾಡಲು ಅವಕಾಶ ಕೊಡದಿದ್ದರೆ ನಾಲ್ಕರ ಹತ್ತಿರ ಅಂದರು. ನನ್ನ ಅನುಭವದಲ್ಲಿ ಸುಸ್ತಾಗಿ ಬಂದ ಮಗುವಿಗೆ ಮೂರೇ ಜಾಸ್ತಿ.

"ಅಂಗಡಿಗೆ ಹೋಗಿ ಉಪ್ಪು, ಸಾಸಿವೆ, ಬೆಂಕಿಪೊಟ್ಟಣ ತಗೋ, ಹಾಗೇ ಅಜ್ಜಿ ಮಾತ್ರೆ, ಬರ್ತಾ ಹಾಲಿನವರಿಗೆ ನಾಳೆ ಬೇಡ ಅಂತ ಹೇಳು, ಚಿಲ್ಲರೆ ಸರಿಯಾಗಿ ನೋಡ್ಕೋ" ಅಂತ ಒಂದೇ ಉಸಿರಲ್ಲಿ ಹೇಳಿ, ಮಾತ್ರೆ ಮರೆತು ಬಂದ ಮಗನಿಗೆ ಬೈಯುತ್ತೇವೆ. ತಟ್ಟೆ ತುಂಬಿ ಚೆಲ್ಲಿದೆ, ಅಷ್ಟೇ ಅಲ್ವಾ? ಚೀಟಿ ಬರೆದು ಕೊಡಿ. ಪಾಠದಲ್ಲೂ ಇದೇ ಕ್ರಮ. ಹನ್ನೆರಡು ಅಂಶದ ಉತ್ತರವನ್ನು ನಾಲ್ಕರಂತೆ ಮೂರು ಗುಂಪು ಮಾಡಿ. ಪ್ರತಿ ಗುಂಪಿಗೆ ಮಗುವೇ ಒಂದು ಹೆಸರಿಡಲಿ. ಮೊಬೈಲ್ ನಂಬರನ್ನು ಐದೈದು ಅಂಕಿಯಾಗಿ ಒಡೆದು ಹೇಳುತ್ತೇವಲ್ಲ, ಅದೇ ಉಪಾಯ.

ಕೋಲಾರದಲ್ಲಿ ಹುಟ್ಟಿದ ಶತಾವಧಾನಿ ಆರ್. ಗಣೇಶ್ ಅವರ ಅಷ್ಟಾವಧಾನ ನೋಡಿದವರಿಗೆ ಗೊತ್ತಿರುತ್ತದೆ. ಎಂಟು ಜನ ಪೃಚ್ಛಕರು ಸುತ್ತ ಕೂತು ಎಂಟು ಬಗೆಯ ಸವಾಲು ಒಡ್ಡುತ್ತಾರೆ. ಪದ್ಯಗಳು ಸುತ್ತಿಗೊಂದು ಸಾಲಿನಂತೆ ನಾಲ್ಕು ಸುತ್ತಿನಲ್ಲಿ ಮುಗಿಯಬೇಕು. ನಡುವೆ ಒಬ್ಬರು ಅಪ್ರಸ್ತುತ ಪ್ರಸಂಗ ಅಂತ ಏನೇನೋ ಕೇಳಿ ಗಮನ ಕೆಡಿಸುತ್ತಲೇ ಇರುತ್ತಾರೆ. ಹಣೆಮೆದುಳಿಗೆ ಇದಕ್ಕಿಂತ ಕಠಿಣ ಪರೀಕ್ಷೆ ನನಗೆ ಬೇರೆ ಹೊಳೆಯುವುದಿಲ್ಲ. ಅವಧಾನಿಗಳಿಗೆ ಛಂದಸ್ಸು, ಪದಸಂಪತ್ತು ಎಷ್ಟೋ ವರ್ಷದ ಅಭ್ಯಾಸದಿಂದ ಗುಂಪು ಗುಂಪಾಗಿ ಒಳಗೆ ಇಳಿದಿರುತ್ತದೆ. ಆದ್ದರಿಂದ ತಟ್ಟೆಯಲ್ಲಿ ಜಾಗ ಉಳಿಯುತ್ತದೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಮಗ್ಗಿ ಬಾಯಿಪಾಠ ಮಾಡಿಸಬೇಕು ಅನ್ನೋದೂ ಇದಕ್ಕೇ. ಏಳೆಂಟಲ ಐವತ್ತಾರು ತಾನಾಗಿ ಬಂದರೆ ಲೆಕ್ಕದ ಉಳಿದ ಭಾಗಕ್ಕೆ ತಲೆ ಖಾಲಿ ಇರುತ್ತದೆ.

ಹೆಜ್ಜೆ 4: ಪಾಠವನ್ನು ಅಂತರಗಂಗೆ ಹತ್ತಿಸಿ

ಇದು ನನಗೆ ತುಂಬ ಇಷ್ಟವಾದ ಹೆಜ್ಜೆ. "ಯಾವುದು" ಮತ್ತು "ಎಲ್ಲಿ" ಎರಡೂ ದಾರಿಗಳನ್ನು ಒಟ್ಟಿಗೆ ದುಡಿಸಿಕೊಂಡರೆ ನೆನಪು ಗಟ್ಟಿಯಾಗುತ್ತದೆ. ಚೆನ್ನಾಗಿ ಗೊತ್ತಿರುವ ಒಂದು ಜಾಗದಲ್ಲಿ ಮನಸ್ಸಿನಲ್ಲೇ ನಡೆಯುತ್ತಾ, ಒಂದೊಂದು ಕಡೆ ಒಂದೊಂದು ವಿಷಯ ಇಟ್ಟು ಬರುವುದು ಬಹಳ ಹಳೆಯ ವಿದ್ಯೆ. ಕೋಲಾರದ ಮಕ್ಕಳಿಗೆ ಅಂತರಗಂಗೆ ಬೆಟ್ಟಕ್ಕಿಂತ ಚೆನ್ನಾದ ಜಾಗ ಯಾವುದು?

ಮೇಲೆ ಹೇಳಿದ ದೃಷ್ಟಿಯ ದಾರಿಯನ್ನೇ ಬೆಟ್ಟ ಹತ್ತಿಸೋಣ. ಕಣ್ಣು ಮುಚ್ಚಿಸಿ, ನಿಧಾನವಾಗಿ ಹೇಳಿಸಿ.

ಬೆಟ್ಟದ ಬುಡ: ಬಿಸಿಲು ಬಂಡೆಗೆ ಬಡಿಯುತ್ತಿದೆ. ಇದು ರೆಟಿನಾ. ಬೆಳಕು ಬಿದ್ದ ಜಾಗ.

ಮೆಟ್ಟಿಲು: ಜನ ಸಾಲಾಗಿ ಹತ್ತುತ್ತಿದ್ದಾರೆ, 10 ಲಕ್ಷ ಜನ! ಇದು ದೃಷ್ಟಿ ನರ.

ಕೋತಿಗಳು: ಅರ್ಧ ಕೋತಿಗಳು ಈ ಬದಿಯಿಂದ ಆ ಬದಿಗೆ ಹಾರುತ್ತಿವೆ, ಅರ್ಧ ಕೂತಲ್ಲೇ ಕೂತಿವೆ. ಇದು ಎಳೆಗಳು ದಾಟುವ ಜಾಗ.

ಕಲ್ಲಿನ ಬಸವನ ಬಾಯಿ: ನೀರೆಲ್ಲ ಇಲ್ಲಿಂದಲೇ ಹಾದು ಬರಬೇಕು. ಇದು ಥಲಾಮಸ್.

ಕಲ್ಯಾಣಿ: ನೀರು ಬಂದು ತುಂಬುತ್ತದೆ. ಇದು ಹಿಂದಲೆಯ ದೃಷ್ಟಿ ಕಾರ್ಟೆಕ್ಸ್.

ಕಲ್ಯಾಣಿಯಿಂದ ಮೇಲಿನ ಗುಹೆಗಳ ಕಡೆ ಎರಡು ದಾರಿ ಕಲ್ಪಿಸಿಕೊಳ್ಳಲಿ. ತಗ್ಗಿನ ದಾರಿಯಲ್ಲಿ ಒಬ್ಬಳು ಅಜ್ಜಿ ಬುಟ್ಟಿ ತುಂಬ ಟೊಮ್ಯಾಟೊ ಇಟ್ಟುಕೊಂಡು "ಇದು ಯಾವುದು?" ಅಂತ ಕೇಳುತ್ತಾಳೆ. ಏರು ದಾರಿಯಲ್ಲಿ ಒಬ್ಬ ಹುಡುಗ ಚಪ್ಪಲಿ ಕಳೆದುಕೊಂಡು "ಎಲ್ಲಿ? ಎಲ್ಲಿ?" ಅಂತ ಹುಡುಕುತ್ತಾನೆ. ಇಬ್ಬರೂ ತುದಿಯ ಬಂಡೆಯ ಮೇಲೆ ಸೇರುತ್ತಾರೆ. ಆ ಬಂಡೆಯೇ ಹಣೆ.

ಚಿತ್ರ ಎಷ್ಟು ವಿಚಿತ್ರವಾಗಿದ್ದರೆ ಅಷ್ಟು ಒಳ್ಳೆಯದು. ಆದರೆ ಮಗುವೇ ಕಟ್ಟಬೇಕು, ನೀವು ಕಟ್ಟಿಕೊಟ್ಟದ್ದು ಅಷ್ಟು ನಿಲ್ಲಲ್ಲ. ಬೆಟ್ಟ ನೋಡದ ಮಗುವಿಗೆ ಮನೆಯಿಂದ ಶಾಲೆಯ ದಾರಿ ಸಾಕು. ಒಂದೇ ದಾರಿಯಲ್ಲಿ ಅದೇ ದಿನ ಇನ್ನೊಂದು ಪಾಠ ಇಡಬೇಡಿ, ಕಲಸಿಹೋಗುತ್ತದೆ. ಕ್ರಮ ಇರುವ ವಿಷಯಕ್ಕೆ, ಅಂದರೆ ಜೀರ್ಣಾಂಗ ವ್ಯೂಹ, ಇತಿಹಾಸದ ಘಟನೆಗಳು, ಪ್ರಬಂಧದ ಅಂಶಗಳಿಗೆ ಈ ಉಪಾಯ ಚೆನ್ನಾಗಿ ಒಗ್ಗುತ್ತದೆ. ಲೆಕ್ಕ ಬಿಡಿಸುವುದಕ್ಕೆ ಒಗ್ಗಲ್ಲ, ಅಲ್ಲಿ ಬಿಡಿಸಿಯೇ ಕಲಿಯಬೇಕು.

ಹೆಜ್ಜೆ 5: ಪುಸ್ತಕ ಮುಚ್ಚಿ, ಖಾಲಿ ಹಾಳೆ ಕೊಡಿ

ಪುಸ್ತಕದ ಚಿತ್ರವನ್ನು ಒಂದು ನಿಮಿಷ ನೋಡಲಿ. ಮುಚ್ಚಲಿ. ನೆನಪಿನಿಂದ ಬರೆಯಲಿ. ತೆರೆದು ತಪ್ಪನ್ನು ಕೆಂಪು ಪೆನ್ನಿನಲ್ಲಿ ತಾನೇ ತಿದ್ದಲಿ. ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರದ ಮೇಲೆ ಒಮ್ಮೆ.

ಶುರುವಿನಲ್ಲಿ ಮಕ್ಕಳಿಗೆ ಇದು ಇಷ್ಟವಾಗಲ್ಲ. ಮತ್ತೆ ಮತ್ತೆ ಓದಿದರೆ ಎಲ್ಲ ಬಂದಂತೆ ಅನ್ನಿಸುತ್ತದೆ, ಖಾಲಿ ಹಾಳೆ ಮುಂದೆ ಏನೂ ಬರಲ್ಲ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಓದಿದ ಐದು ನಿಮಿಷಕ್ಕೆ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದಾದರು. ಪರೀಕ್ಷೆ ಐದು ನಿಮಿಷಕ್ಕೆ ಬರಲ್ಲವಲ್ಲ.

ಹೆಜ್ಜೆ 6: ಕೈಯನ್ನು ತಡೆಯುವ ಅಭ್ಯಾಸ

ಹಣೆಮೆದುಳಿನ ಇನ್ನೊಂದು ಕೆಲಸ "ತಡಿ" ಅನ್ನೋದು. ಹೊಲದಲ್ಲಿ ಆ ಹುಡುಗನ ಕೈ ಹಿಂದಕ್ಕೆ ಬಂತಲ್ಲ, ಅದು. 1848ರಲ್ಲಿ ಅಮೆರಿಕದ ರೈಲು ಹಳಿ ಕೆಲಸದ ಫಿನಿಯಸ್ ಗೇಜ್ ಅವರ ತಲೆಯ ಮುಂಭಾಗದಲ್ಲಿ ಸ್ಫೋಟಕ್ಕೆ ಚಿಮ್ಮಿದ ಕಬ್ಬಿಣದ ಸಲಾಕೆ ತೂರಿಹೋಯಿತು. ಬದುಕಿದರು, ಮಾತಾಡಿದರು. ಆದರೆ ಮೊದಲಿನ ಗೇಜ್ ಅಲ್ಲ ಅಂತ ಅವರ ಡಾಕ್ಟರ್ ಬರೆದಿಟ್ಟರು: ಒರಟುತನ, ಚಂಚಲತೆ, ಮಾಡಿದ ಯೋಜನೆ ಕೈಬಿಡುವುದು. ಇದನ್ನು ಹೇಳುವುದಕ್ಕೆ ಕಾರಣ ಇದೆ. ನಮ್ಮ ಹೈವೇಗಳಲ್ಲಿ ಬೈಕಿನಿಂದ ಬಿದ್ದು ಹಣೆಗೆ ಪೆಟ್ಟಾದವರು ಆಮೇಲೆ ಸಿಡುಕು, ಮರೆವು, ಹಿಂದುಮುಂದು ನೋಡದ ಮಾತು ತೋರಿಸಿದರೆ ಮನೆಯವರು "ಸೊಕ್ಕು ಬಂದಿದೆ" ಅಂತಾರೆ. ಅದು ಗಾಯದ ಲಕ್ಷಣ ಇರಬಹುದು. ನರರೋಗ ತಜ್ಞರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್ ನಮಗೆ ಅಷ್ಟೇನೂ ದೂರವಿಲ್ಲ.

ಆರೋಗ್ಯವಾಗಿರುವ ಮಕ್ಕಳಲ್ಲೂ ಈ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸಿನ ವಯಸ್ಸಾಗಬೇಕು. ಹದಿಮೂರರ ಮಗುವಿಗೆ "ಬುದ್ಧಿ ಬೇಡ್ವಾ" ಅನ್ನೋ ಬದಲು ಆಟ ಆಡಿಸಿ.

ಕೆರೆ-ದಡ ಆಡಿಸಿ. "ಕೆರೆ" ಅಂದರೆ ಒಳಗೆ, "ದಡ" ಅಂದರೆ ಹೊರಗೆ. ಎರಡು ಸಲ "ದಡ, ದಡ" ಅಂದಾಗ ಹಾರಲು ಹೊರಟ ಕಾಲನ್ನು ತಡೆಯುವುದೇ ಆಟದ ಜೀವ. ಆಮೇಲೆ ನಿಯಮ ತಿರುಗಿಸಿ, "ಕೆರೆ" ಅಂದರೆ ಹೊರಗೆ! ಮನೆಯೊಳಗಾದರೆ ಗುಂಡಿಗಳನ್ನೋ ಕಾಳುಗಳನ್ನೋ ಬಣ್ಣದ ಪ್ರಕಾರ ವಿಂಗಡಿಸಲು ಹೇಳಿ, ನಡುವೆ ತಟ್ಟನೆ "ಈಗ ಗಾತ್ರದ ಪ್ರಕಾರ" ಅನ್ನಿ. ನಿಯಮ ಬದಲಾಗುವ ಇಂಥದೇ ಕಾರ್ಡ್ ಪರೀಕ್ಷೆಯೊಂದು 1948ರಲ್ಲಿ ಬಂತು, ಹಣೆಮೆದುಳಿನ ಕೆಲಸ ಅಳೆಯಲು ತಜ್ಞರು ಅದನ್ನು ಈಗಲೂ ಬಳಸುತ್ತಾರೆ. ಆಟದಿಂದ ಮಾರ್ಕ್ಸ್ ಏರುತ್ತದೆ ಅಂತ ನಾನು ಹೇಳುತ್ತಿಲ್ಲ. ತಡೆಯುವುದು ಅಂದರೆ ಹೇಗಿರುತ್ತದೆ ಅಂತ ಮಗುವಿಗೆ ಮೈಮೇಲೆ ಗೊತ್ತಾಗುತ್ತದೆ. ಆಮೇಲೆ "ಫೋನ್ ಕಡೆ ಕೈ ಹೋದಾಗಲೂ ದಡ ಅನ್ಕೋ" ಅಂದರೆ ಅರ್ಥವಾಗುತ್ತದೆ.

ಅಭ್ಯಾಸ ಬದಲಿಸಲು ಇನ್ನೊಂದು ಉಪಾಯ: "ಜಾಸ್ತಿ ಓದ್ತೀನಿ" ಅಂತ ಸುಮ್ನೆ ಹೇಳಿಸಬೇಡಿ. ಕಣ್ಣಿಗೆ ಕಾಣುವ ಒಂದು ಗುರುತಿಗೆ ಕಟ್ಟಿ. "ಕಾಫಿ ಲೋಟ ತೊಳೆದಿಟ್ಟ ತಕ್ಷಣ ವಿಜ್ಞಾನದ ಪುಸ್ತಕ ತೆಗೀತೀನಿ." ಲೋಟ ಕಂಡರೆ ಕೆಲಸ ನೆನಪಾಗುತ್ತದೆ, ಹಣೆಮೆದುಳು ಇಡೀ ದಿನ ಅದನ್ನು ಹೊತ್ತು ತಿರುಗಬೇಕಿಲ್ಲ.

ಹೆಜ್ಜೆ 7: ಮಲಗಿಸಿ

ಹಗಲು ಕಲಿತದ್ದನ್ನು ಹಿಪೊಕ್ಯಾಂಪಸ್ ರಾತ್ರಿ ನಿದ್ದೆಯಲ್ಲಿ ಮತ್ತೆ ಓಡಿಸಿ ಗಟ್ಟಿ ಮಾಡುತ್ತದೆ. ನಿದ್ದೆಗೆಟ್ಟರೆ ಮರುದಿನ ಮೊದಲು ಸೋಲುವುದೇ ಗಮನ. ಹೈಸ್ಕೂಲ್ ಮಕ್ಕಳಿಗೆ ಎಂಟು ಗಂಟೆಗೆ ಕಡಿಮೆ ಬೇಡ. ಪರೀಕ್ಷೆ ಹಿಂದಿನ ರಾತ್ರಿ ಕೂಡ.

ಇವತ್ತೇ ಶುರು ಮಾಡುವುದಾದರೆ ಊಟಕ್ಕೆ ಮೊದಲು ಒಂದು ಸಲ ಅಂತರಗಂಗೆ ಹತ್ತಿಸಿ, ಹತ್ತು ಗಂಟೆಗೆ ದೀಪ ಆರಿಸಿ. ಬೆಳಿಗ್ಗೆ ಮುಖ ತೊಳೆದು ಬಂದ ಮೇಲೆ ಖಾಲಿ ಹಾಳೆ ಮುಂದಿಟ್ಟು, "ಕೋತಿ ಆದ ಮೇಲೆ ಏನು ಬಂತು?" ಅಂತ ಕೇಳಿ. ಉತ್ತರ ಬರುವ ತನಕ ನೀವು ಬಾಯಿ ಬಿಡಬೇಡಿ.